ಕಾಲೊನಿ ಗೇಟಿನಿಂದ ಐದು ನಿಮಿಷ

ಕಲಬುರಗಿ ಸೀಮೆಯ ವಾಡಿಯಲ್ಲಿ ಪ್ಲಾಟು ತೋರಿಸುವವರು ದೂರವನ್ನು ರೈಲ್ವೆ ಜಂಕ್ಷನ್ನಿನಿಂದ ಲೆಕ್ಕ ಹಾಕುವುದಿಲ್ಲ, ಎಸಿಸಿ ಸಿಮೆಂಟು ಕಾರ್ಖಾನೆಯ ಕಾಲೊನಿಯ ಗೇಟಿನಿಂದ ಹಾಕುತ್ತಾರೆ. ಸೇಡಂನಲ್ಲಿ ವಾಸವದತ್ತಾದ ಗೇಟಿನಿಂದ, ಮಳಖೇಡದಲ್ಲಿ ಆದಿತ್ಯ ನಗರದ ಗೇಟಿನಿಂದ. "ಕಾಲೊನಿ ಬಾಜೂಕೇ ಅದ ರೀ, ಐದು ನಿಮಿಷ. ಕಣ್ಣ ಮುಚ್ಚಿ ಇಸಾರ ಕೊಡ್ರಿ, ಐದು ವರ್ಷದಾಗ ಡಬಲ್." ಈ ಮಾತು ಕೇಳಲು ಹತ್ತಿ ಇಪ್ಪತ್ತು ವರ್ಷ ಮೀರಿತು. ಹೇಳುವ ಬಾಯಿ ಬದಲಾಗಿದೆ, ತೋರಿಸುವ ಹೊಲ ಬದಲಾಗಿದೆ, ಐದು ನಿಮಿಷ ಮಾತ್ರ ಹಾಗೇ ಇದೆ.

ಏಜೆಂಟರನ್ನಷ್ಟೇ ಆಡಿಕೊಂಡು ಉಪಯೋಗವಿಲ್ಲ. ಅವರು ಮಾರುವುದು ಊರಿಗೆ ಊರೇ ನಂಬಿದ ಮಾತನ್ನು. ಚಿತ್ತಾಪುರ, ಶಹಾಬಾದ್, ಸೇಡಂ, ಚಿಂಚೋಳಿ ಎಲ್ಲಿ ಬೇಕಾದರೂ ಕೇಳಿ, ಕಟ್ಟೆಯ ಮೇಲೆ ಕೂತ ಹಿರಿಯರೂ ವೇದಿಕೆ ಮೇಲೆ ನಿಂತ ನಾಯಕರೂ ಒಂದೇ ಕಥೆ ಹೇಳುತ್ತಾರೆ: ಬರೀ ಕಲ್ಲು, ಬಿಸಿಲು ಇದ್ದ ಸೀಮೆಗೆ ಕಾರ್ಖಾನೆ ಬಂತು, ಕಾಲೊನಿ ಎದ್ದಿತು, ಅದರ ಬೆಳಕಿನಲ್ಲಿ ಊರು ಬೆಳೆದು ಜಾಗಕ್ಕೆ ಕಿಮ್ಮತ್ತು ಬಂತು. ಹೊಸ ಕಾರ್ಖಾನೆಯ ಸುದ್ದಿ ಬಂದಾಗಲೆಲ್ಲ ಸುತ್ತಲಿನ ಹಳ್ಳಿಗಳಲ್ಲಿ ಪಹಣಿ ಹುಡುಕಾಟ ಶುರುವಾಗುವುದು ಈ ಕಥೆಯ ಬಲದ ಮೇಲೆಯೇ.

ನನಗೆ ಈ ಕಥೆ ತಲೆಕೆಳಗಾಗಿ ಕಾಣುತ್ತದೆ. ಮೊದಲು ಒಂದು ಸಣ್ಣ ಸಂಗತಿ ನೋಡಿ. ಈ ಸೀಮೆಯ ಅತಿ ಪ್ರತಿಷ್ಠಿತ ಬಡಾವಣೆ ಯಾವುದೆಂದರೆ ಎಲ್ಲರೂ ಬೆರಳು ತೋರಿಸುವುದು ಯಾವುದಾದರೊಂದು ಕಂಪನಿಯ ಕಾಲೊನಿಯ ಕಡೆಗೆ. ಅಲ್ಲಿ ಸಾಲು ಬೇವಿನ ಮರ, ಡಾಂಬರು ರಸ್ತೆ, ದವಾಖಾನೆ, ಕ್ಲಬ್ಬು, ದಿನಾ ಬರುವ ನಳ. ಆದರೆ ನಡೆಯುತ್ತಿರುವ ಕಾಲೊನಿಯಲ್ಲಿ ಮನೆ ಕೊಂಡವರು ಯಾರೂ ಇಲ್ಲ. ಕೊಳ್ಳಲು ಬರುವುದೂ ಇಲ್ಲ. ಬೆಂಗಳೂರಿನ ಸದಾಶಿವನಗರಕ್ಕೆ ದುಡ್ಡಿದ್ದವನು ಇಂದಲ್ಲ ನಾಳೆ ಒಳಗೆ ಹೋದಾನು. ಇಲ್ಲಿ ದುಡ್ಡಿನ ಗಂಟು ಹೊತ್ತು ನಿಂತರೂ ವಾಚ್‌ಮನ್ ಪಾಸು ಕೇಳುತ್ತಾನೆ. ಮನೆ ಸಿಗುವುದು ಹುದ್ದೆಗೆ. ಸಾಹೇಬರಿಗೆ ಬಂಗಲೆ, ಸ್ಟಾಫಿಗೆ ಕ್ವಾರ್ಟರ್ಸ್, ಕಾಯಂ ಕಾರ್ಮಿಕನಿಗೆ ಲೈನಿನ ಮನೆ. ಗುತ್ತಿಗೆಯವನಿಗೆ ಹಗಲು ಒಳಗೆ ದುಡಿಮೆ, ರಾತ್ರಿ ಹೊರಗೆ ಬಾಡಿಗೆ ಖೋಲಿ. ಬಡ್ತಿ ಸಿಕ್ಕರೆ ಮನೆ ದೊಡ್ಡದಾಗುತ್ತದೆ, ನಿವೃತ್ತಿಯ ದಿನ ಮನೆಯೇ ಮಾಯ.

ಆ ಮಾಯವಾಗುವ ದಿನವನ್ನು ಹತ್ತಿರದಿಂದ ನೋಡಿದ್ದೇನೆ. ಬಂಧುವೊಬ್ಬರು ಈ ಭಾಗದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ತೆಗೆದು ಕ್ವಾರ್ಟರ್ಸ್ ಬಿಟ್ಟುಕೊಡುವಾಗ ಸಾಮಾನು ಕಟ್ಟಲು ಹೋಗಿದ್ದೆ. ಕಾಲೊನಿ ಆಫೀಸಿನವರು ಯಾದಿ ಹಿಡಿದು ಬಂದರು. ಫ್ಯಾನು ಮೂರು, ಟ್ಯೂಬ್‌ಲೈಟು ನಾಲ್ಕು, ನಳದ ತೋಟಿ ಐದು. ಎಲ್ಲ ಸರಿಹೋಯಿತು, ಅಡುಗೆಮನೆಗೆ ಬಂದಾಗ ನಿಂತಿತು. ಇವರು ಹೊಗೆ ಹೋಗಲೆಂದು ಯಾವ ಕಾಲದಲ್ಲೋ ಗೋಡೆ ಒಡೆದು ಸಣ್ಣ ಎಕ್ಸಾಸ್ಟ್ ಫ್ಯಾನು ಕೂರಿಸಿದ್ದರು. ಫ್ಯಾನು ಇವರದು, ಬಿಚ್ಚಿಕೊಳ್ಳಬಹುದು; ಗೋಡೆ ಕಂಪನಿಯದು, ತೂತು ಮುಚ್ಚಬೇಕು. ಮುಚ್ಚದೆ ನೋ ಡ್ಯೂ ಚೀಟಿ ಇಲ್ಲ. ಇವರು ಸೈಕಲ್ ತೆಗೆದುಕೊಂಡು ಬಜಾರಿಗೆ ಹೋಗಿ ಬಿಡಿ ಸಿಮೆಂಟು ತಂದರು. ಅದೇ ಕಾರ್ಖಾನೆಯದು, ಬಜಾರಿನ ರೇಟಿಗೆ. ಹಳೆಯ ತಗಡಿನ ಮೇಲೆ ಕಲಸಿ, ಇಟ್ಟಿಗೆ ತುಂಡು ಇಟ್ಟು, ಕರಣೆ ಇಲ್ಲದ್ದಕ್ಕೆ ಉಳ್ಳಾಗಡ್ಡಿ ಹೆಚ್ಚುವ ಚಾಕುವಿನಿಂದ ಮೆತ್ತಿದರು. ಮೂವತ್ತು ವರ್ಷ ಎಷ್ಟು ಲಕ್ಷ ಟನ್ ಸಿಮೆಂಟು ಅವರ ಕಣ್ಣೆದುರು ಹಾದುಹೋಗಿತ್ತೋ, ಕೈಯಿಂದ ಹಚ್ಚಿದ್ದು ಅದೇ ಮೊದಲು ಎಂದು ಕಾಣುತ್ತದೆ.

ಆಮೇಲೆ ಅವರು ಹೋದದ್ದು ಕಲಬುರಗಿಗೆ. ಪಿಎಫ್, ಗ್ರಾಚ್ಯುಟಿ ಎಲ್ಲ ಕೂಡಿಸಿ ರಿಂಗ್ ರೋಡಿನ ಹತ್ತಿರ ಮನೆ ಕಟ್ಟಿಸಿದರು. ಅವರ ಓಣಿಯವರಲ್ಲಿ ಕೆಲವರು ಹೈದರಾಬಾದಿಗೆ, ಕೆಲವರು ಸೊಲ್ಲಾಪುರಕ್ಕೆ, ಬಿಹಾರ-ರಾಜಸ್ಥಾನದಿಂದ ಬಂದವರು ಅಲ್ಲಿಗೇ. ಕಾಲೊನಿಯ ಗೋಡೆಯಾಚೆಗಿನ ಊರಿನಲ್ಲಿ ಪ್ಲಾಟು ತೆಗೆದುಕೊಂಡವರು ಬೆರಳೆಣಿಕೆ. ಯಾಕೆ ತೆಗೆದುಕೊಳ್ಳಬೇಕು? ಮಕ್ಕಳ ಶಾಲೆ ಒಳಗಿತ್ತು, ದವಾಖಾನೆ ಒಳಗಿತ್ತು, ಗಣಪತಿ ಕೂರಿಸುವುದೂ ಒಳಗೇ. ಊರಿನ ಗಟಾರು ತುಂಬಿದರೆ ಅವರ ಮೂಗಿಗೆ ವಾಸನೆ ಬಂದಿರಲಿಲ್ಲ. ಊರಿನಲ್ಲಿ ಓದುಬರಹ ಬಲ್ಲ, ಅರ್ಜಿ ಬರೆಯಬಲ್ಲ, ಪುರಸಭೆಯ ಮುಖ್ಯಾಧಿಕಾರಿಯ ಎದುರು ದನಿ ಎತ್ತಬಲ್ಲ ಜನವನ್ನೆಲ್ಲ ಒಂದು ಗೋಡೆಯೊಳಗೆ ಹಾಕಿ, ಅವರಿಗೆ ಊರಿನ ಗೊಡವೆಯೇ ಬೇಡವಾಗುವಂತೆ ಮಾಡಿದ ವ್ಯವಸ್ಥೆಗೆ ನಾವು ಅಭಿವೃದ್ಧಿ ಎಂದು ಹೆಸರಿಟ್ಟಿದ್ದೇವೆ. ಅವರ ಸಂಬಳ ಇಲ್ಲಿ ಬಂತು, ಉಳಿತಾಯ ಇಲ್ಲಿ ನಿಲ್ಲಲಿಲ್ಲ. ಕಲಬುರಗಿಯ ಎಷ್ಟೋ ಬಡಾವಣೆಗಳ ಬುನಾದಿಯಲ್ಲಿ ವಾಡಿ-ಶಹಾಬಾದಿನ ಬೆವರಿದೆ.

ಗೋಡೆ ಹುಟ್ಟಿದ ಬಗೆ ಅರ್ಥವಾಗದ್ದೇನಲ್ಲ. 1871ರಲ್ಲಿ ಮುಂಬಯಿ ಕಡೆಯ ರೈಲು ಈ ದಾರಿಯಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮನ ರೈಲು ವಾಡಿಯಿಂದ ಕವಲೊಡೆದು ಹೈದರಾಬಾದಿಗೆ ಹೊರಟಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮೂರೂ ಆ ಕವಲಿನ ಮೇಲಿನ ನಿಲ್ದಾಣಗಳು. ಹಳಿಯ ಕೆಳಗೂ ಸುತ್ತಲೂ ಭೀಮಾ ಸೀಮೆಯ ಸುಣ್ಣಕಲ್ಲು. ಇವೆರಡೂ ಕೂಡಿದ ಕಡೆ ಸಿಮೆಂಟು ಹುಟ್ಟದಿದ್ದರೆ ಆಶ್ಚರ್ಯ. ಶಹಾಬಾದಿನಲ್ಲಿ ನಿಜಾಮರ ಆಳ್ವಿಕೆಯಲ್ಲೇ ಕಾರ್ಖಾನೆ ಬಂತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತು. ಆ ಕಾಲಕ್ಕೆ ಹೊರಗಿನಿಂದ ಬಂದ ಫಿಟ್ಟರು, ಕೆಮಿಸ್ಟು, ಗುಮಾಸ್ತರಿಗೆ ಬಾಡಿಗೆಗೆ ಸಿಗುವಂಥ ಮನೆ ಇರಲಿಲ್ಲ. ಕಂಪನಿ ಮನೆ ಕಟ್ಟಿತು, ನೀರು ತಂದಿತು. ಅದನ್ನು ತಪ್ಪೆನ್ನಲಾರೆ. ತಾತ್ಕಾಲಿಕ ಅಗತ್ಯಕ್ಕೆ ಕಟ್ಟಿದ ಗೋಡೆ ಕಾಯಂ ಆಡಳಿತ ಗಡಿಯಾದದ್ದು ತಪ್ಪು. 2001ರ ಜನಗಣತಿಯ ಪಟ್ಟಿ ತೆಗೆದು ನೋಡಿ: 'ವಾಡಿ' ಒಂದು ಪಟ್ಟಣ, 'ವಾಡಿ ಎಸಿಸಿ' ಇನ್ನೊಂದು, 'ಶಹಾಬಾದ್' ಒಂದು, 'ಶಹಾಬಾದ್ ಎಸಿಸಿ' ಇನ್ನೊಂದು. ಒಂದೇ ಬಿಸಿಲು, ಒಂದೇ ಧೂಳು, ಎರಡು ಊರು. ಇಂಥದ್ದಕ್ಕೆ ಸಂವಿಧಾನದಲ್ಲೂ ಜಾಗವಿದೆ. 74ನೇ ತಿದ್ದುಪಡಿಯಲ್ಲಿ ಬಂದ 243ಕ್ಯೂ ವಿಧಿಯ ಪ್ರಕಾರ, ಕಾರ್ಖಾನೆಯೇ ನಗರ ಸೇವೆ ಕೊಡುತ್ತಿದ್ದರೆ ಆ ಜಾಗವನ್ನು ಕೈಗಾರಿಕಾ ಟೌನ್‌ಶಿಪ್ ಎಂದು ಘೋಷಿಸಿ, ಅಲ್ಲಿ ಪುರಸಭೆಯನ್ನೇ ಬಿಟ್ಟುಬಿಡಬಹುದು. ಪುರಸಭೆಯಿಲ್ಲದ ಊರಿನಲ್ಲಿ ಕೌನ್ಸಿಲರನ ಮನೆ ಬಾಗಿಲು ಬಡಿಯುವ ಕಷ್ಟವಿಲ್ಲ. ಬಾಗಿಲೂ ಇಲ್ಲ.

1968ರಲ್ಲಿ ವಾಡಿಗೆ ಎಸಿಸಿ ಬಂತು. 1982ರಲ್ಲಿ ಸಿಮೆಂಟಿನ ಮೇಲಿನ ಸರ್ಕಾರಿ ಹಿಡಿತ ಅರ್ಧ ಸಡಿಲಾಗಿದ್ದೇ ತಡ, 1984ರಲ್ಲಿ ಮಳಖೇಡದ ರಾಜಶ್ರೀ, 1986ರ ಸುಮಾರಿಗೆ ಸೇಡಂನ ವಾಸವದತ್ತಾ ಹೊಗೆ ಬಿಟ್ಟವು. ಹೆಸರು ಕೇಳಿದರೆ ಸಂಸ್ಕೃತ ನಾಟಕದ ಪಾತ್ರಪಟ್ಟಿ ಓದಿದ ಹಾಗಾಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟದ ಮಗ್ಗುಲಲ್ಲಿ, ಕಾಗಿಣಾ ದಂಡೆಯ ಸೀಮೆಯಲ್ಲಿ ಎದ್ದ ಟೌನ್‌ಶಿಪ್ಪಿಗೆ ನೃಪತುಂಗನ ಹೆಸರಿಡಬಹುದಿತ್ತು, ಆದಿತ್ಯ ನಗರ ಎಂದಿಟ್ಟರು. ಇರಲಿ, ಮನೆ ಕಟ್ಟಿದವರು ಹೆಸರಿಡುತ್ತಾರೆ.

ಈಗ ಜಾಗದ ಬೆಲೆಯ ವಿಷಯ. ಕಾಲೊನಿಯಿಂದ ಬೆಲೆ ಬರುತ್ತದೆ ಎನ್ನುವವರು ದಯವಿಟ್ಟು ಒಮ್ಮೆ ಶಹಾಬಾದಿನಲ್ಲಿ ರೈಲು ಇಳಿಯಬೇಕು. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯ ಕಾಲೊನಿ ಇದ್ದದ್ದು ಅಲ್ಲಿ. ಸಿಮೆಂಟು ಕಾರ್ಖಾನೆ ಎಸಿಸಿಯ ಕೈ ಬಿಟ್ಟು ಎಚ್‌ಎಂಪಿಗೆ, ಅಲ್ಲಿಂದ ಜೇಪಿಗೆ ಹೋಯಿತು. ಊರು ಇವತ್ತಿಗೂ ಎಬಿಎಲ್ ಎಂದೇ ಕರೆಯುವ ಯಂತ್ರದ ಕಾರ್ಖಾನೆ ಆಲ್‌ಸ್ಟಾಮ್, ಜಿಇ ಎಂದು ಬೋರ್ಡು ಬದಲಿಸುತ್ತ ಹೋಗಿ ಬಾಗಿಲು ಹಾಕಿತು. ಒಂದು ಕಾಲದಲ್ಲಿ ಸುತ್ತಲಿನ ತಾಲೂಕಿನ ಹುಡುಗಿಯರ ತಂದೆ-ತಾಯಿಗಳು 'ವರ ಎಬಿಎಲ್‌ನಾಗ ಅದಾನ' ಎಂದರೆ ಕುಂಡಲಿ ಕೇಳುತ್ತಿರಲಿಲ್ಲ. ಈಗ ಅದೇ ಊರಲ್ಲಿ ಎಷ್ಟೋ ಮನೆಗಳಿಗೆ ಬೀಗ. ಕಾಲೊನಿಯ ಬಾಜೂಕ ಪ್ಲಾಟು ಹಿಡಿದವರು ಐದು ನಿಮಿಷದ ಹಾದಿಯಲ್ಲಿ ಈಗಲೂ ಐದು ನಿಮಿಷವೇ ನಡೆಯುತ್ತಾರೆ, ಆದರೆ ನಡೆದು ಮುಟ್ಟುವ ಕಡೆ ಏನೂ ಇಲ್ಲ.

ಇದಕ್ಕೆ ಸಿದ್ಧ ಉತ್ತರ ಒಂದಿದೆ: ಯೂನಿಯನ್ನಿನವರು ಕೆಂಬಾವುಟ ಹಿಡಿದು ಮುಚ್ಚಿಸಿದರು. ಕೇಳಲು ಸುಲಭ, ನಂಬಲು ಸುಖ. ಆದರೆ ಶಹಾಬಾದಿನ ಕಾರ್ಖಾನೆ ಹುಟ್ಟಿದ ಕಾಲದ ಸಿಮೆಂಟು ಗೂಡುಗಳು ಕಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ, ಆ ಕೆಸರನ್ನು ಸುಡುವಂಥವು. ಮೊದಲು ನೀರು ಆರಿಸಲು ಕಲ್ಲಿದ್ದಲು, ಆಮೇಲೆ ಕಲ್ಲು ಸುಡಲು ಕಲ್ಲಿದ್ದಲು. ಒಣ ವಿಧಾನದ ಹೊಸ ಗೂಡಿಗೆ ಹೋಲಿಸಿದರೆ ಹತ್ತಿರ ಹತ್ತಿರ ಎರಡು ಪಟ್ಟು ಶಾಖ. ಬೆಲೆಯನ್ನು ಸರ್ಕಾರ ಕಟ್ಟುತ್ತಿದ್ದಷ್ಟು ದಿನ ಇದು ನಡೆಯಿತು. 1989ರಲ್ಲಿ ನಿಯಂತ್ರಣ ಪೂರ್ತಿ ತೆಗೆದ ಮೇಲೆ, ಮೂವತ್ತು-ನಲವತ್ತು ಕಿಲೋಮೀಟರಿನಲ್ಲೇ ಒಣ ಗೂಡುಗಳು ಉರಿಯುತ್ತಿರುವಾಗ, ಅಂಥ ಹಳೆಯ ಗೂಡಿನ ಕಾರ್ಖಾನೆಯನ್ನು ಕಾರ್ಮಿಕರು ದಿನಕ್ಕೆರಡು ಪಾಳಿ ಕೈಮುಗಿದು ದುಡಿದರೂ ಉಳಿಸಲು ಆಗುತ್ತಿರಲಿಲ್ಲ.

ಕಾರ್ಖಾನೆ ಸತ್ತ ಕಡೆ ಎಲ್ಲ ಜಾಗದ ಬೆಲೆಯೂ ಸಾಯಬೇಕಲ್ಲ? ಬೆಂಗಳೂರಿನ ಬಿನ್ನಿ ಮಿಲ್ಲು ಮುಚ್ಚಿತು, ಆ ನೆಲದ ಮೇಲೆ ಅಪಾರ್ಟ್‌ಮೆಂಟುಗಳು ಎದ್ದವು. ಜಾಲಹಳ್ಳಿಯ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಎಚ್‌ಎಂಟಿಯ ಜಾಗಕ್ಕಾಗಿ ರಾಜ್ಯದ ಅರಣ್ಯ ಇಲಾಖೆಯೂ ಕೇಂದ್ರದವರೂ ಈಗ ಜಗ್ಗಾಡುತ್ತಿದ್ದಾರೆ. ಅಷ್ಟು ದೂರ ಯಾಕೆ, ನಮ್ಮ ಕಲಬುರಗಿಯ ಎಂಎಸ್‌ಕೆ ಮಿಲ್ಲು ನಿಂತು ಕಾಲವಾಯಿತು, ಆ ಹೆಸರಿನ ಬಡಾವಣೆಯಲ್ಲಿ ಜಾಗಕ್ಕೆ ಗಿರಾಕಿ ಕಡಿಮೆಯಾಗಿಲ್ಲ. ಅಲ್ಲೆಲ್ಲ ಕಾರ್ಖಾನೆಯ ಗೋಡೆಯ ಹೊರಗೆ ಒಂದು ಊರಿತ್ತು. ಕೋರ್ಟು, ಕಾಲೇಜು, ಆಸ್ಪತ್ರೆ, ಬಜಾರು, ನೂರು ತರದ ಉದ್ಯೋಗ. ಬೆಲೆ ಆ ಊರಿನದು. ಕಾರ್ಖಾನೆ ಅದರ ಬಾಡಿಗೆದಾರ. ಶಹಾಬಾದಿನಲ್ಲಿ ಊರೇ ಬಾಡಿಗೆದಾರನಾಗಿತ್ತು.

ಸೇಡಂ ನೋಡಿ ಎಂದು ವಾದಿಸುವವರಿದ್ದಾರೆ: ಕಾರ್ಖಾನೆಯೂ ಇದೆ, ಬೆಲೆಯೂ ಇದೆ. ಒಪ್ಪುತ್ತೇನೆ. ಆದರೆ ಸೇಡಂನಲ್ಲಿ ಜಾಗ ಏರಿದ್ದು ಯಾವ ಕಡೆ ಎಂದು ಒಮ್ಮೆ ತಿರುಗಾಡಿ ನೋಡಬೇಕು. ತಾಲೂಕು ಕಚೇರಿ, ಎಪಿಎಂಸಿಯ ತೊಗರಿ ವಹಿವಾಟು, ಕೊತ್ತಲ ಬಸವೇಶ್ವರರ ಹೆಸರಿನ ಶಿಕ್ಷಣ ಸಂಸ್ಥೆಗಳು, ಹೈದರಾಬಾದಿಗೆ ನೇರ ರೈಲು. ಸುತ್ತಲ ಹಳ್ಳಿಯ ರೈತ ತೊಗರಿಗೆ ಒಳ್ಳೆಯ ರೇಟು ಬಂದ ವರ್ಷ ಮಕ್ಕಳ ಓದಿಗೆಂದು ಸೇಡಂನಲ್ಲಿ 30-40ರ ಸೈಟು ಹಿಡಿಯುತ್ತಾನೆ. ಅವನು ಹಿಡಿಯುವ ಸೈಟು ಶಾಲೆಗೆ ಹತ್ತಿರವಿರುತ್ತದೆ, ಗೇಟಿಗಲ್ಲ. ಚಿಂಚೋಳಿಯಲ್ಲೂ ಅಷ್ಟೇ. ಛತ್ರಸಾಲ, ಕಲ್ಲೂರಿನ ಕಡೆ ಹೊಸ ಕಾರ್ಖಾನೆಗಳು ಬಂದಿವೆ, ಆದರೆ ಪಟ್ಟಣದಲ್ಲಿ 'ಒಳ್ಳೆ ಏರಿಯಾ' ಎಂದರೆ ಇಂದಿಗೂ ಮುಲ್ಲಾಮಾರಿಯ ಆಚೆ ದಂಡೆಯ ಚಂದಾಪುರ, ಕಚೇರಿಗಳಿರುವ ಕಡೆ.

ಇನ್ನೊಂದು ಲೆಕ್ಕವಿದೆ, ಅದನ್ನು ಯಾವ ಏಜೆಂಟರೂ ಹೇಳುವುದಿಲ್ಲ, ಭಾಷಣಕಾರರಂತೂ ಮೊದಲೇ ಇಲ್ಲ. ಒಂದು ಎಕರೆ ಎಂದರೆ 40 ಗುಂಟೆ, 4,047 ಚದರ ಮೀಟರು. ಮೇಲಿನ ಎರೆ ಸರಿಸಿದರೆ ಕೆಳಗೆ 10 ಮೀಟರು ದಪ್ಪದ ಕಲ್ಲಿದೆ ಎಂದಿಟ್ಟುಕೊಳ್ಳಿ. ಘನ ಮೀಟರಿಗೆ ಎರಡೂವರೆ ಟನ್ನಿನಂತೆ ಸುಮಾರು 1 ಲಕ್ಷ ಟನ್ನು. 2014ರಲ್ಲಿ ನಿಗದಿಯಾದ ರಾಜಧನ ಟನ್ನಿಗೆ 80 ರೂಪಾಯಿ. ಅಂದರೆ ಆ ಎಕರೆಯಿಂದ ಸರ್ಕಾರದ ಬೊಕ್ಕಸಕ್ಕೇ 80 ಲಕ್ಷ. ಹಳೆಯ ಗುತ್ತಿಗೆಯಾದರೆ ಜಿಲ್ಲಾ ಖನಿಜ ನಿಧಿಗೆ ಅದರ ಮೇಲೆ ಶೇ 30, ಇನ್ನೂ 24 ಲಕ್ಷ. ಒಂದೂವರೆ ಟನ್ ಕಲ್ಲಿಗೆ 1 ಟನ್ ಕ್ಲಿಂಕರ್, ಜಿಪ್ಸಂ ಬೆರೆತ ಮೇಲೆ ಹೆಚ್ಚುಕಡಿಮೆ 14 ಲಕ್ಷ ಚೀಲ ಸಿಮೆಂಟು. ಆ ಎಕರೆಯ ಯಜಮಾನ ಬೈನಾಮಾ ಬರೆದುಕೊಟ್ಟಾಗ ಅದರ ಬೆಲೆ ಕಟ್ಟಿದ್ದು ಯಾವುದರ ಮೇಲೆ? ಅಲ್ಲಿ ಎಷ್ಟು ಚೀಲ ತೊಗರಿ ಬೆಳೆಯುತ್ತಿತ್ತು ಎಂಬುದರ ಮೇಲೆ. ಈ ಸೀಮೆಯ ಜಾಗದ ಮಾರುಕಟ್ಟೆ ಎಂದು ನಾವು ಕರೆಯುವುದು ಈ ಎಕರೆಯನ್ನು ಕಳೆದುಕೊಂಡ ಮೇಲೆ ಉಳಿಯುವ ಗುಂಟೆಗಳ ಚೌಕಾಸಿ.

ಕೊಳ್ಳುವವರಾದರೂ ಎಷ್ಟು ಜನ? ವಾಡಿಯ ಎಸಿಸಿ 2022ರಲ್ಲಿ ಅದಾನಿಯವರದಾಯಿತು. 2015ರಲ್ಲಿ ಶುರುವಾದ ಚಿತ್ತಾಪುರ ತಾಲೂಕಿನ ಇಟಗಾದ ಓರಿಯಂಟ್ ಕಾರ್ಖಾನೆಯೂ 2025ರಲ್ಲಿ ಅದೇ ಮನೆ ಸೇರಿತು. ಮಳಖೇಡದ್ದು ಮೊದಲೇ ಅಲ್ಟ್ರಾಟೆಕ್. 2025ರ ಮಾರ್ಚ್‌ನಿಂದ ವಾಸವದತ್ತಾವೂ ಅಲ್ಟ್ರಾಟೆಕ್. ಕೋಡ್ಲಾದ ಶ್ರೀ ಸಿಮೆಂಟು, ಚಿಂಚೋಳಿ ಕಡೆಯ ಇನ್ನೆರಡನ್ನು ಬಿಟ್ಟರೆ ಎಕರೆಗಟ್ಟಲೆ ಹೊಲ ಕೊಳ್ಳಬಲ್ಲ ಮನೆಗಳು ಈಗ ಎರಡೇ. ಸಂತೆಯಲ್ಲಿ ನೂರು ಜನ ಕುರಿ ಹೊಡೆದುಕೊಂಡು ಬಂದು, ಕೊಳ್ಳುವವನು ಒಬ್ಬನೇ ಇದ್ದರೆ ಏನಾಗುತ್ತದೋ ಅದು. ಅಂಥ ಕಡೆ 'ರೇಟು ಏರುತ್ತದೆ' ಎನ್ನುವುದು ವ್ಯಾಪಾರದ ಮಾತಲ್ಲ, ಹರಕೆ.

ಕಾಲೊನಿಯಿಂದ ಏನೂ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಕಿರಾಣಿ ಅಂಗಡಿ, ಲಾರಿ, ಗ್ಯಾರೇಜು, ಖಾನಾವಳಿ ನಡೆದವು. ರಾವೂರು ಕಡೆ ಪರಸಿ ಒಡೆದು, ಪಾಲಿಶ್ ಮಷಿನ್ನಿನ ಬಿಳಿ ಕೆಸರಲ್ಲಿ ನಿಂತು ದುಡಿಯುವವನ ಪಾಲಿಗೆ ಕಂಪನಿಯ ಕಾಯಂ ನೌಕರಿ ಸ್ವರ್ಗವೇ. ಅವನ ಮಗನಿಗೆ ಆ ನೌಕರಿ ಸಿಗಲಿ ಎಂದು ನಾನೂ ಬಯಸುತ್ತೇನೆ. ಆದರೆ ಸಾವಿರಾರು ಟನ್ ಸುಡುವ ಈಗಿನ ಗೂಡನ್ನು ಕಂಟ್ರೋಲ್ ರೂಮಿನಲ್ಲಿ ಕೂತ ಕೆಲವೇ ಜನ ನಡೆಸುತ್ತಾರೆ. ಕಾಯಂ ಜನ ಕಡಿಮೆಯಾದಷ್ಟೂ ಕಾಲೊನಿ ಕಿರಿದಾಗುತ್ತದೆ, ಕಾಲೊನಿಯ ನೆರಳನ್ನು ನಂಬಿದ ಪ್ಲಾಟುಗಳು ಮಾತ್ರ ಹಿಗ್ಗುತ್ತಲೇ ಇವೆ. ಲೇಔಟಿನ ಕಮಾನಿಗೆ ಬಣ್ಣ ಬಳಿದಿರುತ್ತದೆ. ಕೃಷಿಯೇತರ ಬಳಕೆಯ (ಎನ್‌ಎ) ಆದೇಶ ಕೇಳಿದರೆ 'ಪ್ರೊಸೆಸ್‌ನಾಗ ಅದ' ಎಂಬ ಉತ್ತರ. ನೀರು ಎಲ್ಲಿಂದ ಎಂದರೆ ಬೋರ್ ಹಾಕಿಸಿಕೊಳ್ಳಿ ಎನ್ನುತ್ತಾರೆ, ಪಕ್ಕದಲ್ಲೇ ಖಣಿ ನೂರು ಅಡಿ ಕೆಳಗಿಳಿದಿರುತ್ತದೆ.

ಹೋದ ತಿಂಗಳು ವಾಡಿಯ ಹತ್ತಿರ ಅಂಥದೊಂದು ಲೇಔಟಿಗೆ ಗೆಳೆಯನ ಜೊತೆ ಹೋಗಿದ್ದೆ. ಏಜೆಂಟರು ನಕ್ಷೆ ಬಿಚ್ಚಿದರು. ಪಾರ್ಕು, ಗುಡಿ, ನಲವತ್ತು ಅಡಿ ರಸ್ತೆ, ಮೂಲೆಯಲ್ಲಿ ಬಾಣದ ಗುರುತು: ಕಾಲೊನಿ ಗೇಟ್. ಈ ಸರ್ವೆ ನಂಬರಿಗೆ ಹತ್ತಿದ ಗಣಿ ಗುತ್ತಿಗೆಯ ಗಡಿ ಎಲ್ಲಿ ಬರುತ್ತದೆ ಎಂದು ಕೇಳಿದೆ. ಅವರಿಗೆ ಪ್ರಶ್ನೆ ತಿಳಿಯಲಿಲ್ಲ, ನಕ್ಷೆಯನ್ನು ತಿರುಗಿಸಿ ನೋಡಿದರು. 2015ರಲ್ಲಿ ತಿದ್ದಿದ ಗಣಿ ಕಾಯ್ದೆಯ ಪ್ರಕಾರ, ಕಾರ್ಖಾನೆಗಳು ತಮ್ಮ ಸ್ವಂತ ಬಳಕೆಗೆ ಹಿಡಿದಿರುವ ಹಳೆಯ ಗುತ್ತಿಗೆಗಳಲ್ಲಿ ಐವತ್ತು ವರ್ಷ ಮುಗಿದವುಗಳ ಅವಧಿ 2030ರ ಮಾರ್ಚ್ 31ರವರೆಗೆ. ಆಮೇಲೆ ಹರಾಜು, ಹಳೆಯ ಗುತ್ತಿಗೆದಾರನಿಗೆ ಮೊದಲ ಹಕ್ಕು ಇದೆ, ಆದರೆ ಹರಾಜಿನ ರೇಟಿಗೆ. ಇದನ್ನು ಅವರಿಗೆ ಹೇಳಿದೆ. "2030 ಅಂದ್ರ ಭಾಳ ದೂರ ಆಯ್ತಲ್ಲ ರೀ," ಅಂದರು. ಐದು ವರ್ಷದಾಗ ಡಬಲ್ ಎಂದವರೂ ಅವರೇ. ಗೆಳೆಯ ಬೆರಳು ಮಡಚಿ ಎಣಿಸುತ್ತ ನಿಂತ, ಇಸಾರದ ಲಕೋಟೆ ಇನ್ನೂ ಅವನ ಅಂಗಿ ಜೇಬಿನಲ್ಲೇ ಇತ್ತು.